ಮೂರು ಬೀಜದ ಶೇಂಗಾ ಹಿಡಿದು ಜೀನ್ ಓದುವುದು: ಕೋಆಕ್ಟಿವೇಟರ್‌ಗೆ ಒಂದು ಮನೆಮಾದರಿ

ನಮ್ಮ ದೊಡ್ಡವ್ವ ದಿನಾ ರಾತ್ರಿ ಊಟ ಆದ ಮೇಲೆ ಒಂದು ಸಣ್ಣ ಗುಳಿಗೆ ನುಂಗುತ್ತಾರೆ. ಟ್ಯಾಮಾಕ್ಸಿಫೆನ್, 20 ಮಿಲಿಗ್ರಾಂ. ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಡಾಕ್ಟರ್ ಬರೆದುಕೊಟ್ಟದ್ದು. ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನ ಕರೆಂಟ್ ಹೋಗಿ ಎಲ್ಲರೂ ನಡುಮನೆಯ ಪರಸಿ ಮೇಲೆ ಕೂತಿದ್ದೆವು. ಆಗ ದೊಡ್ಡವ್ವ ಕೇಳಿದರು: "ಇಷ್ಟ್ ದಿನಾ ನುಂಗೀನಿ, ಈ ಗುಳಗಿ ಒಳಗ ಹೋಗಿ ಏನ್ ಮಾಡ್ತದ?"

"ಹಾರ್ಮೋನಿನ ಜಾಗಾದಾಗ ಹೋಗಿ ಕೂಡ್ತದ ದೊಡ್ಡವ್ವ" ಅಂದೆ.

"ಅದರ ಜಾಗಾದಾಗ ಕೂತ್ರ ಅದರ ಕೆಲಸಾನೇ ಮಾಡಬೇಕಲ್ಲ? ಹ್ಯಾಂಗ ಬ್ಯಾನಿ ತಡೀತದ?"

ಎಂಥ ಪ್ರಶ್ನೆ ನೋಡಿ. ಪಕ್ಕದಲ್ಲೇ ಅವರ ಮೊಮ್ಮಗಳು ಕೂತಿದ್ದಳು, ಬಿಎಸ್ಸಿ ಎರಡನೇ ವರ್ಷ. ಅವಳ ನೋಟ್ಸ್ ತೆಗೆಸಿ ನೋಡಿದೆ. ಅಲ್ಲಿ ಇದ್ದದ್ದು ಒಂದೇ ಸಾಲು: "ಕೋಆಕ್ಟಿವೇಟರ್‌ಗಳು ಟ್ರಾನ್ಸ್‌ಕ್ರಿಪ್ಷನ್ ಹೆಚ್ಚಿಸುತ್ತವೆ." ಟ್ರಾನ್ಸ್‌ಕ್ರಿಪ್ಷನ್ ಅಂದರೆ ಜೀನನ್ನು ಓದಿ ಆರ್‌ಎನ್‌ಎ ಆಗಿ ನಕಲು ಮಾಡುವುದು. ದೊಡ್ಡವ್ವನ ಪ್ರಶ್ನೆಗೆ ಉತ್ತರ ಇರುವುದು ಆ ಸಾಲಿನ ಹಿಂದೆಯೇ. ಆದರೆ ಅಷ್ಟು ಓದಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅವತ್ತು ಮನೆಯಲ್ಲಿದ್ದ ಸಾಮಾನು ಹಿಡಿದು ಮೂವರೂ ಕೂತು ಒಂದು ಮಾದರಿ ಮಾಡಿದೆವು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬಿಎಸ್ಸಿ, ಎಂಎಸ್ಸಿ ಓದುವವರಿಗೆ, ಪಾಠ ಮಾಡುವವರಿಗೆ, ಹಾಗೇ ಇಂಥ ಗುಳಿಗೆ ನುಂಗುವವರ ಮನೆಯವರಿಗೆ ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿದ್ದೇನೆ. ಎರಡು ತಾಸು ಬೇಕು.

ಶುರು ಮಾಡುವ ಮೊದಲು ಒಂದು ಮಾತು ತಲೆಯಲ್ಲಿರಲಿ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನುವ ಪ್ರೋಟೀನು ಡಿಎನ್ಎ ಮೇಲೆ ತನ್ನ ಗುರುತು ಹುಡುಕಿ ಕೂಡುತ್ತದೆ. ಆದರೆ ಬಹಳ ಸಲ ಜೀನನ್ನು ನಡೆಸುವ ದೊಡ್ಡ ಕೆಲಸ ಅದರದಲ್ಲ. ಅದು ಕರೆಯುತ್ತದೆ. ಬಂದವರು ಕೆಲಸ ಮಾಡುತ್ತಾರೆ. ನಮ್ಮ ಕಡೆ ತೊಗರಿ ರಾಶಿಗೆ ಮುಯ್ಯಾಳು ಕರೆಯುತ್ತಾರಲ್ಲ, ಹಾಗೆ. ಹೊಲ ಯಾವುದು ಅಂತ ಗೊತ್ತಿರುವುದು ಕರೆದವರಿಗೆ. ರಾಶಿ ಮಾಡುವ ಕೈಗಳು ಬೇರೆಯವರವು. ಆ ಬಂದ ಕೈಗಳೇ ಕೋಆಕ್ಟಿವೇಟರ್‌ಗಳು.

ಬೇಕಾಗುವ ಸಾಮಾನು

ಉಲನ್ ದಾರ 2 ಮೀಟರ್. ನೀರಿನ ಬಾಟಲಿಯ ಮುಚ್ಚಳ ನಾಲ್ಕೈದು. ಬಟ್ಟೆ ಒಣಹಾಕುವ ಕ್ಲಿಪ್ಪು ನಾಲ್ಕು. ಒಂದು ಪಾಕೀಟು ಟಿಕಳಿ, ಅದೇ ಹಣೆಗೆ ಹಚ್ಚುವ ಅಂಟಿನ ಟಿಕಳಿ. ಪಾತ್ರೆ ತಿಕ್ಕುವ ಸ್ಪಂಜು ಒಂದು, ಎರಡು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕೂದಲಿಗೆ ಹಾಕುವ ಕ್ಲಚ್ಚರ್ ಒಂದು. ಸ್ವಲ್ಪ ಗೋಧಿ ಹಿಟ್ಟಿನ ಕಣಕ, ಒಂದು ಕಡ್ಡಿಪೆಟ್ಟಿಗೆ, ಒಂದು ಹಿಡಿ ಸಿಪ್ಪೆ ಸಹಿತ ಶೇಂಗಾ. ಶೇಂಗಾದಲ್ಲಿ ಮೂರು ಬೀಜದ ಕಾಯಿ ಒಂದೆರಡು ಆರಿಸಿ ಬೇರೆ ಇಡಿ. ಎರಡು ಬೀಜದವು ಜಾಸ್ತಿ ಸಿಗುತ್ತವೆ, ಅವೂ ಒಂದೆರಡು ಇರಲಿ.

ಜೋಳದ ಹಿಟ್ಟು ಬೇಡ, ಒಣಗಿದರೆ ಬಿರುಕು ಬಿಡುತ್ತದೆ.

ಹಂತ 1: ದಾರಕ್ಕೆ ಅಳತೆ ಕೊಡಿ

1 ಸೆಂಟಿಮೀಟರ್ ದಾರ ಅಂದರೆ ಡಿಎನ್ಎಯ 10 ಬೇಸ್ ಜೋಡಿ, ಅಂದರೆ ಎದುರುಬದುರು ಕೂತ 10 ಜೋಡಿ ಅಕ್ಷರ. ಈ ಅಳತೆಯನ್ನು ಕೊನೆಯವರೆಗೂ ಬಿಡಬೇಡಿ. ಚಿತ್ರ ಬರೆಯುವಾಗ ನಾವು ಎಲ್ಲವನ್ನೂ ಒಂದೇ ಗಾತ್ರಕ್ಕೆ ಬರೆದುಬಿಡುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಈ ಅಳತೆಯಲ್ಲಿ ಎರಡು ಅಡಿಯ ಒಂದು ಶಹಾಬಾದ್ ಪರಸಿ ಅಂದರೆ ಸುಮಾರು 600 ಬೇಸ್ ಜೋಡಿ. ಮನುಷ್ಯನ ಒಂದು ಸೆಟ್ ಡಿಎನ್ಎ ಸುಮಾರು 320 ಕೋಟಿ ಜೋಡಿ, ಅಂದರೆ 3,200 ಕಿಲೋಮೀಟರ್ ದಾರ. ಕಲಬುರಗಿಯಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದರೂ ದಾರ ಇನ್ನೂ ಉಳಿಯುತ್ತದೆ. ಅಷ್ಟುದ್ದದ ದಾರದಲ್ಲಿ ನಮ್ಮ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಹುಡುಕುವ ಗುರುತಿನ ಉದ್ದ ಒಂದೂವರೆ ಸೆಂಟಿಮೀಟರ್! ನಮ್ಮ ಫ್ಯಾಕ್ಟರ್ ಅಂದರೆ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನು, ಈಸ್ಟ್ರೋಜನ್ ರಿಸೆಪ್ಟರ್. ಅದು ಹಿಡಿಯುವ ಗುರುತು ಇದು: ಎ-ಜಿ-ಜಿ-ಟಿ-ಸಿ-ಎ, ನಡುವೆ ಯಾವುದಾದರೂ ಮೂರು ಅಕ್ಷರ, ಆಮೇಲೆ ಟಿ-ಜಿ-ಎ-ಸಿ-ಸಿ-ಟಿ. ಒಟ್ಟು 15. ಎರಡನೇ ಅರ್ಧವನ್ನು ಎದುರಿನ ಎಳೆಯ ಮೇಲೆ ಓದಿದರೆ ಮೊದಲ ಅರ್ಧವೇ ಸಿಗುತ್ತದೆ. ಒಂದು ಸಲ ಬರೆದು ನೋಡಿ.

ನಾವು ಮಾಡುವುದು ಟಿಎಫ್ಎಫ್1 ಅನ್ನುವ ಜೀನು. ಸ್ತನ ಕ್ಯಾನ್ಸರ್ ಜೀವಕೋಶಗಳಲ್ಲಿ ಈಸ್ಟ್ರೋಜನ್ ಬಂದ ಕೂಡಲೇ ಏಳುವ ಜೀನು ಇದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯರ್ ಶಾಂಬೋನ್ ಅವರ ತಂಡ ಇದನ್ನು ಹಿಡಿದದ್ದು. ದಾರದ ನಡುವೆ ಒಂದು ಕಡೆ ಗಂಟು ಹಾಕಿ. ಜೀನ್ ಓದಲು ಶುರುವಾಗುವ ಜಾಗ ಅದು. ಅದರ ಹಿಂದೆ 3 ಸೆಂಟಿಮೀಟರ್ ದೂರದಲ್ಲಿ ಪೆನ್ನಿನಿಂದ ಒಂದು ಗೆರೆ: ಟಾಟಾ ಬಾಕ್ಸ್, ಜೀನ್ ಓದುವ ಯಂತ್ರ ಬಂದು ಕೂಡಲು ಬೇಕಾದ ಗುರುತು. ಇನ್ನೂ ಹಿಂದೆ, ಗಂಟಿನಿಂದ 40 ಸೆಂಟಿಮೀಟರ್ ದೂರ, ಒಂದು ಕೆಂಪು ದಾರ ಕಟ್ಟಿ. ರಿಸೆಪ್ಟರ್ ಕೂಡುವ ಗುರುತು ಅದು. ಶುರುವಿನಿಂದ ಸುಮಾರು 400 ಜೋಡಿ ಹಿಂದೆ.

ಇದು ಬಹಳ ಹತ್ತಿರದ ಉದಾಹರಣೆ ಅನ್ನುವುದು ನೆನಪಿರಲಿ. ಕೈಕಾಲಿನ ಬೆರಳುಗಳು ಸರಿಯಾಗಿ ಬೆಳೆಯಲು ಬೇಕಾದ ಸಾನಿಕ್ ಹೆಡ್ಜ್‌ಹಾಗ್ ಜೀನಿನ ಒಂದು ಗುರುತು ಸುಮಾರು 10 ಲಕ್ಷ ಜೋಡಿ ಆಚೆ ಇದೆ. ನಮ್ಮ ಅಳತೆಯಲ್ಲಿ ಅದು ಒಂದು ಕಿಲೋಮೀಟರ್. ಅಷ್ಟು ದೂರ ಕೂತವರು ಇಲ್ಲಿ ಕೆಲಸ ಮಾಡಿಸಬೇಕಾದರೆ ದಾರ ಮಡಚಬೇಕು, ಮತ್ತೆ ನಡುವೆ ಜನ ಬೇಕು.

ಹಂತ 2: ದಾರ ಸುತ್ತಿ

ಜೀವಕೋಶದಲ್ಲಿ ಡಿಎನ್ಎ ಹೀಗೆ ಬಿಚ್ಚಿಕೊಂಡು ಬಿದ್ದಿರುವುದಿಲ್ಲ. ಎಂಟು ಹಿಸ್ಟೋನ್ ಪ್ರೋಟೀನು ಸೇರಿ ಆದ ಒಂದು ಗಾಲಿಗೆ 147 ಜೋಡಿ, ಸುಮಾರು ಒಂದೂಮುಕ್ಕಾಲು ಸುತ್ತು ಸುತ್ತಿಕೊಂಡಿರುತ್ತದೆ. ಅದೇ ನ್ಯೂಕ್ಲಿಯೋಸೋಮ್. ಈಗ ಬಾಟಲಿ ಮುಚ್ಚಳಕ್ಕೆ ದಾರ ಸುತ್ತಿ ನೋಡಿ. ಒಂದೂಮುಕ್ಕಾಲು ಸುತ್ತಿಗೆ ಹೆಚ್ಚುಕಡಿಮೆ 15 ಸೆಂಟಿಮೀಟರ್ ದಾರ ಬೇಕಾಗುತ್ತದೆ. ಅಂದರೆ 150 ಜೋಡಿ. ಮುಚ್ಚಳದ ಗಾತ್ರ ನಮ್ಮ ಅಳತೆಗೆ ತಾನಾಗಿಯೇ ಹೊಂದಿತು. ಅವತ್ತು ನನಗೆ ಬಹಳ ಖುಷಿಯಾದದ್ದು ಇದಕ್ಕೇ.

ಒಂದು ಮುಚ್ಚಳ ಆದ ಮೇಲೆ 5 ಸೆಂಟಿಮೀಟರ್ ಬಿಟ್ಟು ಇನ್ನೊಂದು ಮುಚ್ಚಳ. ಕೆಂಪು ಗುರುತು ಒಂದು ಸುತ್ತಿನ ಅಂಚಿಗೆ ಬರಲಿ. ಟಾಟಾ ಗೆರೆ ಇನ್ನೊಂದು ಮುಚ್ಚಳದ ಸುತ್ತಿನೊಳಗೆ ಹೋಗಲಿ. ಪ್ರತಿ ಮುಚ್ಚಳಕ್ಕೆ ನಾಲ್ಕು ತುಂಡು ದಾರ ಬಾಲದ ಹಾಗೆ ಅಂಟಿಸಿ. ಹಿಸ್ಟೋನುಗಳಿಗೆ ಹೊರಗೆ ಚಾಚಿದ ಇಂಥ ಬಾಲಗಳಿರುತ್ತವೆ. ಅದರಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ (ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಜಾಸ್ತಿ. ಲೈಸಿನ್ನಿನದು ಪ್ಲಸ್ ವಿದ್ಯುತ್ತು, ಡಿಎನ್ಎಯದು ಮೈನಸ್. ಅದಕ್ಕೇ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಈಗ ಟಾಟಾ ಗೆರೆ ಹುಡುಕಿ. ಕಾಣುವುದಿಲ್ಲ ಅಲ್ವಾ? ಮುಚ್ಚಿದ ಜೀನು ಅಂದರೆ ಇದೇ.

ಹಂತ 3: ಕ್ಲಿಪ್ಪು ಹಾಕಿ

ಎರಡು ಬಟ್ಟೆ ಕ್ಲಿಪ್ಪು ಜೋಡಿಸಿ ಕೆಂಪು ಗುರುತಿಗೆ ಕಚ್ಚಿಸಿ. ಈಸ್ಟ್ರೋಜನ್ ರಿಸೆಪ್ಟರ್ ಈ ಗುರುತಿನ ಮೇಲೆ ಜೋಡಿಯಾಗಿ ಕೂಡುತ್ತದೆ. ಗುರುತಿನ ಎರಡು ಅರ್ಧಕ್ಕೆ ಎರಡು ರಿಸೆಪ್ಟರ್. ಕ್ಲಿಪ್ಪಿನ ಬಾಯಿ ಅಂದರೆ ಡಿಎನ್ಎ ಹಿಡಿಯುವ ಭಾಗ. ಕ್ಲಿಪ್ಪಿನ ಹಿಂಬದಿ, ನಾವು ಬೆರಳಿಟ್ಟು ಒತ್ತುವ ಕಡೆ, ಹಾರ್ಮೋನು ಹಿಡಿಯುವ ಭಾಗ. ಒಂದೇ ಪ್ರೋಟೀನು, ಎರಡು ಬೇರೆ ಬೇರೆ ಭಾಗ.

ಹೀಗೆ ಭಾಗಗಳು ಬೇರೆ ಬೇರೆ ಅನ್ನುವುದು ತಾನಾಗಿ ತಿಳಿದದ್ದಲ್ಲ. 1985ರಲ್ಲಿ ರೋಜರ್ ಬ್ರೆಂಟ್ ಮತ್ತು ಮಾರ್ಕ್ ಟಾಶ್ನೆ ಯೀಸ್ಟ್‌ನಲ್ಲಿ ಒಂದು ಚಂದದ ಪ್ರಯೋಗ ಮಾಡಿದರು. ಯೀಸ್ಟ್‌ನ ಗ್ಯಾಲ್4 ಪ್ರೋಟೀನಿನ ಡಿಎನ್ಎ ಹಿಡಿಯುವ ಭಾಗ ಕತ್ತರಿಸಿ ತೆಗೆದು, ಆ ಜಾಗಕ್ಕೆ ಬ್ಯಾಕ್ಟೀರಿಯಾದ ಲೆಕ್ಸ್‌ಎ ಅನ್ನುವ ಪ್ರೋಟೀನಿನ ಭಾಗ ಜೋಡಿಸಿದರು. ಹೊಸ ಪ್ರೋಟೀನು ಲೆಕ್ಸ್‌ಎ ಗುರುತಿನ ಮೇಲೆ ಹೋಗಿ ಕೂತು ಅಲ್ಲಿಯೂ ಜೀನ್ ಎಬ್ಬಿಸಿತು. ಹಿಡಿಯುವುದೇ ಬೇರೆ, ಎಬ್ಬಿಸುವುದೇ ಬೇರೆ ಅಂತ ಆಗ ಗೊತ್ತಾಯಿತು.

ಮಾದರಿಯಲ್ಲೂ ನೋಡಿ. ಕ್ಲಿಪ್ಪು ಕಚ್ಚಿಸಿದಿರಿ. ಮುಚ್ಚಳಗಳು ಹಾಗೇ ಇವೆ. ಟಾಟಾ ಗೆರೆ ಇನ್ನೂ ಕಾಣುತ್ತಿಲ್ಲ. ಹಿಡಿದು ಕೂತದ್ದರಿಂದ ಏನೂ ಆಗಲಿಲ್ಲ.

ಹಂತ 4: ಕೈ ಮುಷ್ಟಿ ಮಾಡಿ, ಶೇಂಗಾ ಇಡಿ

ಇಡೀ ಮಾದರಿಯಲ್ಲಿ ನಿಧಾನವಾಗಿ ಮಾಡಬೇಕಾದ ಹಂತ ಇದು. ಉಳಿದದ್ದನ್ನು ಅವಸರದಲ್ಲಿ ಮಾಡಿದರೂ ನಡೆಯುತ್ತದೆ.

ಕ್ಲಿಪ್ಪಿನ ಹಿಂಬದಿಯನ್ನು ದೊಡ್ಡದು ಮಾಡಿ ನೋಡೋಣ. ನಿಮ್ಮ ಎಡಗೈಯೇ ಈಗ ರಿಸೆಪ್ಟರ್‌ನ ಹಾರ್ಮೋನು ಹಿಡಿಯುವ ಭಾಗ. ಈ ಭಾಗ ಹನ್ನೆರಡು ಸುರುಳಿಗಳಿಂದ ಆಗಿದೆ. ಹನ್ನೆರಡನೇ ಸುರುಳಿ ನಿಮ್ಮ ಹೆಬ್ಬೆರಳು. ಉಳಿದವೆಲ್ಲ ಅಂಗೈ ಮತ್ತು ನಾಲ್ಕು ಬೆರಳು. ಹೆಬ್ಬೆರಳು ಸಡಿಲವಾಗಿ ಹೊರಗೆ ಚಾಚಿರಲಿ.

ಕಣಕದಲ್ಲಿ ಸಣ್ಣ ನಿಂಬೆಕಾಯಿ ಗಾತ್ರದ ಉಂಡೆ ಮಾಡಿ. ಅದು ಈಸ್ಟ್ರೋಜನ್. ಅಂಗೈಯಲ್ಲಿಟ್ಟು ನಾಲ್ಕು ಬೆರಳು ಮಡಚಿ, ಮೇಲೆ ಹೆಬ್ಬೆರಳು ಮುಚ್ಚಿ. ಡಬ್ಬಿಗೆ ಮುಚ್ಚಳ ಬಿದ್ದ ಹಾಗೆ. ಈಗ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನೋಡಿ. ಮೊದಲು ಇಲ್ಲದ ಒಂದು ಸಂದು ಹುಟ್ಟಿದೆ. ಈ ಸಂದೇ ಎಲ್ಲಕ್ಕೂ ಮೂಲ.

ಮೂರು ಬೀಜದ ಶೇಂಗಾ ತೆಗೆದು ಆ ಸಂದಿನಲ್ಲಿ ಕೂರಿಸಿ. ಹೆಬ್ಬೆರಳ ತುದಿ ಒಂದು ಕಡೆಯಿಂದ, ತೋರುಬೆರಳ ಗೆಣ್ಣು ಇನ್ನೊಂದು ಕಡೆಯಿಂದ ಒತ್ತಿ ಹಿಡಿಯಲಿ. ಶೇಂಗಾ ಅಂದರೆ ಕೋಆಕ್ಟಿವೇಟರ್ ಪ್ರೋಟೀನಿನ ಒಂದು ಚಿಕ್ಕ ತುಂಡು. ಐದೇ ಅಮೈನೋ ಆಮ್ಲ: ಎಲ್-ಎಕ್ಸ್-ಎಕ್ಸ್-ಎಲ್-ಎಲ್. ಎಲ್ ಅಂದರೆ ಲ್ಯೂಸಿನ್. ಎಕ್ಸ್ ಅಂದರೆ ಯಾವುದಾದರೂ ಆಗಬಹುದು. ಮೂರು ಲ್ಯೂಸಿನ್, ಮೂರು ಬೀಜ.

ನಡುವೆ ಎರಡು ಎಕ್ಸ್ ಯಾಕೆ? ಈ ತುಂಡು ಸುರುಳಿಯಾಗಿ ತಿರುಚಿಕೊಳ್ಳುತ್ತದೆ. ಒಂದು ಸುತ್ತಿಗೆ 3.6 ಅಮೈನೋ ಆಮ್ಲ. ಹಾಗಾಗಿ ಒಂದನೆಯದು, ನಾಲ್ಕನೆಯದು, ಐದನೆಯದು ಮೂರೂ ಒಂದೇ ಮಗ್ಗುಲಿಗೆ ಬರುತ್ತವೆ. ಲ್ಯೂಸಿನ್ನಿಗೆ ನೀರು ಅಂದರೆ ಆಗದು. ಸಂದಿನೊಳಗಿನ ಗೋಡೆಗೂ ನೀರು ಆಗದು. ಎರಡೂ ನೀರು ತಪ್ಪಿಸಿಕೊಂಡು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಸುರುಳಿಯ ಎರಡು ತುದಿಗಳನ್ನು ಮಾತ್ರ ವಿದ್ಯುತ್ತು ಹಿಡಿಯುತ್ತದೆ. ಒಂದು ತುದಿಗೆ ರಿಸೆಪ್ಟರ್‌ನ 362ನೇ ಲೈಸಿನ್, ಇನ್ನೊಂದಕ್ಕೆ ಹೆಬ್ಬೆರಳಿನಲ್ಲೇ ಇರುವ 542ನೇ ಗ್ಲುಟಮೇಟ್. ಹೆಬ್ಬೆರಳು ಸರಿಯಾದ ಜಾಗಕ್ಕೆ ಬೀಳದಿದ್ದರೆ ಆ ಎರಡನೇ ಹಿಡಿತವೇ ಇಲ್ಲ.

ಈಗ ಎರಡು ಬೀಜದ ಶೇಂಗಾ ಇಟ್ಟು ನೋಡಿ. ಅಲ್ಲಾಡುತ್ತದೆ, ಜಾರುತ್ತದೆ. 1997ರಲ್ಲಿ ಡೇವಿಡ್ ಹೀರಿ, ಮಾಲ್ಕಂ ಪಾರ್ಕರ್ ಮತ್ತು ಜೊತೆಗಾರರು ಈ ಐದಕ್ಷರದ ಗುರುತನ್ನು ಗುರುತಿಸಿದಾಗ ಕಂಡದ್ದೂ ಇದೇ. ಲ್ಯೂಸಿನ್ ತೆಗೆದು ಬೇರೆ ಹಾಕಿದರೆ ಕೋಆಕ್ಟಿವೇಟರ್ ರಿಸೆಪ್ಟರನ್ನು ಹಿಡಿಯುವುದಿಲ್ಲ.

ಹಾರ್ಮೋನಿನ ಕೆಲಸ ಏನು ಅಂತ ಈಗ ಹೇಳಿ. ಹಾರ್ಮೋನು ಶೇಂಗಾ ಮುಟ್ಟಲೇ ಇಲ್ಲ, ಡಿಎನ್ಎಯನ್ನೂ ಮುಟ್ಟಲಿಲ್ಲ. ಉಂಡೆ ಒಳಗೆ ಕೂತದ್ದರಿಂದ ಮುಷ್ಟಿಯ ಆಕಾರ ಬದಲಾಯಿತು. ಆಕಾರ ಬದಲಾದದ್ದರಿಂದ ಹೊರಗೆ ಒಂದು ಸಂದು ಹುಟ್ಟಿತು. ಅಷ್ಟೇ ಅದರ ಕೆಲಸ.

ಹಂತ 5: ಬಂದವರು ಟಿಕಳಿ ಹಚ್ಚಲಿ

ಶೇಂಗಾ ಇರುವ ಪ್ರೋಟೀನಿನ ಹೆಸರು ಎಸ್‌ಆರ್‌ಸಿ-1. 1995ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬರ್ಟ್ ಓಮ್ಯಾಲಿ ಅವರ ತಂಡ ಇದನ್ನು ಕಂಡುಹಿಡಿಯಿತು. ಇದಕ್ಕೆ ಎಸ್‌ಆರ್‌ಸಿ-2, ಎಸ್‌ಆರ್‌ಸಿ-3 ಅಂತ ಇಬ್ಬರು ಒಡಹುಟ್ಟಿದವರು. ಎಸ್‌ಆರ್‌ಸಿ-1ರ ನಡುಭಾಗದಲ್ಲಿ ಇಂಥ ಶೇಂಗಾ ಒಂದಲ್ಲ, ಮೂರು ಇವೆ. ಇದು ಡಿಎನ್ಎ ಮೇಲಿನ ಗುರುತು ಓದಲಾರದು. ಪರೀಕ್ಷೆಯಲ್ಲಿ ಕೋಆಕ್ಟಿವೇಟರನ್ನು ನೇರವಾಗಿ ಡಿಎನ್ಎ ಮೇಲೆ ಕೂರಿಸಿ ಚಿತ್ರ ಬರೆಯುವವರು ಬಹಳ ಜನ. ಅದೊಂದು ತಪ್ಪು ಮಾಡಬೇಡಿ. ಅದು ಕೂಡುವುದು ಕ್ಲಿಪ್ಪಿನ ಮೇಲೆ.

ಪ್ರತಿ ಕ್ಲಿಪ್ಪಿಗೆ ಒಂದು ಶೇಂಗಾ ಸಿಕ್ಕಿಸಿ. ಎರಡು ಶೇಂಗಾದ ನಡುವೆ ಒಂದು ದೊಡ್ಡ ಕಣಕದ ಉಂಡೆ ಅಂಟಿಸಿ. ಅದು ಪಿ300. ಹೆಸರಲ್ಲೇ ಅದರ ತೂಕ ಇದೆ, ಸುಮಾರು 300 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ಎರಡು ರಿಸೆಪ್ಟರ್, ಎರಡು ಎಸ್‌ಆರ್‌ಸಿ-3, ಒಂದು ಪಿ300 ಹೀಗೇ ಸೇರಿ ಕೂತಿರುವುದನ್ನು 2015ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರೆ. ಕರೆದವರು ಕರೆದರು, ಬಂದವರು ಮತ್ತೊಬ್ಬರನ್ನು ಕರೆತಂದರು.

ಪಿ300 ಸುಮ್ನೆ ಬಂದು ಕೂಡುವುದಿಲ್ಲ. ಅದೊಂದು ಕಿಣ್ವ. ಹಿಸ್ಟೋನ್ ಬಾಲದ ಲೈಸಿನ್ನಿಗೆ ಅಸಿಟೈಲ್ ಅನ್ನುವ ಚಿಕ್ಕ ತುಂಡು ಅಂಟಿಸುತ್ತದೆ. ಟಿಕಳಿ ತೆಗೆದುಕೊಂಡು ಹತ್ತಿರದ ಎರಡು ಮುಚ್ಚಳಗಳ ಬಾಲಗಳಿಗೆ ಹಚ್ಚಿ. ದೂರದ ಮುಚ್ಚಳಕ್ಕೆ ಹಚ್ಚಬೇಡಿ. ಪಿ300 ಎಲ್ಲಿ ಕೂತಿದೆಯೋ ಅಲ್ಲಿಯೇ ಟಿಕಳಿ. ಕರೆದ ಜಾಗ ಮುಖ್ಯ ಅನ್ನುವುದು ಅದಕ್ಕೇ.

ಟಿಕಳಿಯಿಂದ ಎರಡು ಕೆಲಸ ಆಗುತ್ತದೆ. ಲೈಸಿನ್ನಿನ ಪ್ಲಸ್ ಹೋಗುತ್ತದೆ, ಡಿಎನ್ಎ ಮೇಲಿನ ಬಿಗಿ ಸಡಿಲಾಗುತ್ತದೆ. ಎಲ್ಲರೂ ಇಷ್ಟನ್ನೇ ಬರೆದು ನಿಲ್ಲಿಸುತ್ತಾರೆ. ಎರಡನೆಯದೂ ಅಷ್ಟೇ ದೊಡ್ಡದು: ಟಿಕಳಿ ನೋಡಿ ಗುರುತು ಹಿಡಿಯುವ ಪ್ರೋಟೀನುಗಳು ಬರುತ್ತವೆ. ಬ್ರೋಮೋಡೊಮೈನ್ ಅನ್ನುವ ಭಾಗ ಇರುವವು. ಅವುಗಳಲ್ಲಿ ಕೆಲವು ಮುಚ್ಚಳವನ್ನೇ ಪಕ್ಕಕ್ಕೆ ತಳ್ಳುವ ಯಂತ್ರಗಳು. ಈಗ ನೀವೇ ಟಾಟಾ ಗೆರೆ ಇರುವ ಮುಚ್ಚಳವನ್ನು ಸ್ವಲ್ಪ ಪಕ್ಕಕ್ಕೆ ಜರುಗಿಸಿ. ಗೆರೆ ಹೊರಗೆ ಬಂತು!

ಇಲ್ಲಿ ಒಂದು ಇತಿಹಾಸ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಿಸ್ಟೋನಿಗೆ ಅಸಿಟೈಲ್ ಹಚ್ಚುವುದಕ್ಕೂ ಜೀನ್ ಏಳುವುದಕ್ಕೂ ಸಂಬಂಧ ಇರಬೇಕು ಅಂತ ವಿನ್ಸೆಂಟ್ ಆಲ್ಫ್ರೀ 1964ರಲ್ಲೇ ಹೇಳಿದ್ದರು. ಹಚ್ಚುವವರು ಯಾರು ಅಂತ ತಿಳಿಯಲು 32 ವರ್ಷ ಹಿಡಿಯಿತು. 1996ರಲ್ಲಿ ಡೇವಿಡ್ ಆಲಿಸ್ ಅವರ ಲ್ಯಾಬಿನಲ್ಲಿ ಜೇಮ್ಸ್ ಬ್ರೌನೆಲ್, ಕೊಳದ ನೀರಿನಲ್ಲಿ ಇರುವ ಟೆಟ್ರಾಹೈಮೆನಾ ಅನ್ನುವ ಏಕಕೋಶ ಜೀವಿಯಿಂದ ಆ ಕಿಣ್ವ ತೆಗೆದರು. ನೋಡಿದರೆ ಅದು ಯೀಸ್ಟ್‌ನ ಜಿಸಿಎನ್5ರದ್ದೇ ರೂಪ. ಜಿಸಿಎನ್5 ಒಂದು ಕೋಆಕ್ಟಿವೇಟರ್ ಅಂತ ಆಗಲೇ ಗೊತ್ತಿತ್ತು! ಅದೇ ವರ್ಷ ಪಿ300 ಕೂಡ ಇಂಥದೇ ಕಿಣ್ವ ಅಂತ ತಿಳಿಯಿತು. ಕೋಆಕ್ಟಿವೇಟರ್ ಬಂದು ಏನು ಮಾಡುತ್ತದೆ ಅನ್ನುವ ಪ್ರಶ್ನೆಗೆ ಅಲ್ಲಿ ಕೈಗೆ ಸಿಗುವಂಥ ಉತ್ತರ ಸಿಕ್ಕಿತು.

ಹಂತ 6: ಸ್ಪಂಜು ಮತ್ತು ಕ್ಲಚ್ಚರ್

ಟಾಟಾ ಗೆರೆಯ ಹತ್ತಿರ ಕ್ಲಚ್ಚರ್ ಕಚ್ಚಿಸಿ. ಅದು ಆರ್‌ಎನ್‌ಎ ಪಾಲಿಮರೇಸ್ 2, ಜೀನ್ ಓದುವ ಯಂತ್ರ. ಸ್ಪಂಜನ್ನು ಕ್ಲಿಪ್ಪಿಗೂ ಕ್ಲಚ್ಚರಿಗೂ ನಡುವೆ ಇಡಿ, ದಾರ ಮಡಚಿಕೊಳ್ಳಲಿ. ಸ್ಪಂಜು ಅಂದರೆ ಮೀಡಿಯೇಟರ್. ಯೀಸ್ಟ್‌ನಲ್ಲಿ 25 ಪ್ರೋಟೀನು ಸೇರಿ ಆದದ್ದು, ಮನುಷ್ಯರಲ್ಲಿ ಸುಮಾರು 30. ಸ್ಪಂಜೇ ಯಾಕೆ ಅಂದರೆ ಅದು ಹಿಂಡಿದ ಹಾಗೆ ಬಾಗುತ್ತದೆ. ಒಂದು ಕಡೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಹಿಡಿದರೆ ಇನ್ನೊಂದು ಕಡೆ ಪಾಲಿಮರೇಸನ್ನು ಹಿಡಿಯುತ್ತದೆ. ಮೆಡ್1 ಅನ್ನುವ ಅದರ ಒಂದು ತುಂಡಿನಲ್ಲೂ ಅದೇ ಎಲ್-ಎಕ್ಸ್-ಎಕ್ಸ್-ಎಲ್-ಎಲ್ ಶೇಂಗಾ ಇದೆ. ಅಂದರೆ ಎಸ್‌ಆರ್‌ಸಿಗೂ ಮೀಡಿಯೇಟರಿಗೂ ಕೂಡಲು ಸಂದು ಒಂದೇ. ಮೀಡಿಯೇಟರನ್ನು ಯೀಸ್ಟ್‌ನಲ್ಲಿ ಕಂಡುಕೊಂಡ ರೋಜರ್ ಕಾರ್ನ್‌ಬರ್ಗ್ ಅವರಿಗೆ ಟ್ರಾನ್ಸ್‌ಕ್ರಿಪ್ಷನ್‌ನ ಅಣುಮಟ್ಟದ ರಚನೆ ತೋರಿಸಿದ್ದಕ್ಕೆ 2006ರ ನೊಬೆಲ್ ಬಂತು.

ಕ್ಲಚ್ಚರನ್ನು ಗಂಟು ದಾಟಿಸಿ 3ರಿಂದ 6 ಸೆಂಟಿಮೀಟರ್ ಎಳೆದು ಅಲ್ಲಿ ನಿಲ್ಲಿಸಿ. ನಮ್ಮ ಬಹಳಷ್ಟು ಜೀನುಗಳಲ್ಲಿ ಪಾಲಿಮರೇಸ್ ಹೀಗೆ 30–60 ಅಕ್ಷರ ಓದಿ ನಿಂತುಬಿಡುತ್ತದೆ. ಪಿ-ಟಿಇಎಫ್‌ಬಿ ಅನ್ನುವ ಇನ್ನೊಂದು ಕಿಣ್ವ ಬಂದು ಬಿಡಿಸಬೇಕು. ಅದನ್ನು ಕರೆತರುವವರಲ್ಲಿ ಬಿಆರ್‌ಡಿ4 ಒಂದು. ಅದು ಬರುವುದು ಹೇಗೆ? ಟಿಕಳಿ ನೋಡಿ. ಈಗ ಕ್ಲಚ್ಚರ್ ಎಳೆಯಿರಿ. ಜೀನ್ ಓದುವುದು ಶುರುವಾಯಿತು.

ಹಂತ 7: ಉಂಡೆಗೆ ಕಡ್ಡಿ ಚುಚ್ಚಿ

ಇದು ದೊಡ್ಡವ್ವನ ಪ್ರಶ್ನೆಗೆ ಉತ್ತರ. ಇದನ್ನು ಅವರ ಕೈಯಲ್ಲೇ ಮಾಡಿಸಿದೆ.

ಎಲ್ಲ ಬಿಚ್ಚಿ ಮತ್ತೆ ಹಂತ 4ಕ್ಕೆ ಬನ್ನಿ. ಅದೇ ಗಾತ್ರದ ಕಣಕದ ಉಂಡೆ ಮಾಡಿ, ಒಂದು ಬೆಂಕಿಕಡ್ಡಿಯನ್ನು ಅರ್ಧ ಹೊರಗೆ ಚಾಚುವ ಹಾಗೆ ಚುಚ್ಚಿ. ಮದ್ದಿನ ತಲೆ ಮುರಿದು ಹಾಕಿ. ಇದು ಟ್ಯಾಮಾಕ್ಸಿಫೆನ್. ಲಿವರ್ ಅದನ್ನು ಸ್ವಲ್ಪ ಮಾರ್ಪಡಿಸಿ ಇನ್ನೂ ಗಟ್ಟಿಯಾಗಿ ಹಿಡಿಯುವ ರೂಪ ಮಾಡುತ್ತದೆ. ಆದರೆ ಕಡ್ಡಿ ಹಾಗೇ ಇರುತ್ತದೆ. ಆ ಕಡ್ಡಿ ಅಂದರೆ ಅಣುವಿನ ಪಕ್ಕಕ್ಕೆ ಚಾಚಿದ ಒಂದು ಉದ್ದ ಬಾಲ. ಈಸ್ಟ್ರೋಜನ್‌ಗೆ ಅದು ಇಲ್ಲ.

ದೊಡ್ಡವ್ವ ಉಂಡೆಯನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಹೆಬ್ಬೆರಳು ಮುಚ್ಚಲು ಹೋದರು. ಕಡ್ಡಿ ತಾಗಿತು. ಮತ್ತೆ ಒತ್ತಿದರು, ಆಗಲಿಲ್ಲ. ಹೆಬ್ಬೆರಳು ಜಾರಿ ತೋರುಬೆರಳ ಮಗ್ಗುಲಿಗೆ ಉದ್ದಕ್ಕೆ ಒರಗಿತು. ಮೊದಲು ಶೇಂಗಾ ಇಟ್ಟಿದ್ದು ಅಲ್ಲೇ.

"ಈಗ ಶೇಂಗಾ ಇಡು ದೊಡ್ಡವ್ವ" ಅಂದೆ.

"ಎಲ್ಲಿ ಇಡ್ಲಿ? ಜಾಗಾ ಎಲ್ಲದ? ನನ್ನ ಹೆಬ್ಬಟ್ಟೇ ಕೂತದಲ್ಲ ಅಲ್ಲಿ."

ಅವರು ಹೇಳಿದ್ದು ಅಕ್ಷರಶಃ ನಿಜ. 1998ರಲ್ಲಿ ಜೆಫ್ರಿ ಗ್ರೀನ್ ಮತ್ತು ಡೇವಿಡ್ ಅಗಾರ್ಡ್ ಅವರ ತಂಡಗಳು ಹರಳು ಮಾಡಿ ಎಕ್ಸ್‌ರೇಯಲ್ಲಿ ನೋಡಿದಾಗ ಕಂಡದ್ದು ಇದೇ. ಟ್ಯಾಮಾಕ್ಸಿಫೆನ್‌ನ ಆ ರೂಪ ಒಳಗಿದ್ದಾಗ ಹನ್ನೆರಡನೇ ಸುರುಳಿ ಮುಚ್ಚಳವಾಗಿ ಬೀಳದೆ, ಕೋಆಕ್ಟಿವೇಟರ್ ಕೂಡಬೇಕಾದ ಸಂದಿನಲ್ಲೇ ಹೋಗಿ ಮಲಗುತ್ತದೆ. ಆ ಸುರುಳಿಯಲ್ಲಿ ಎಲ್-ಎಲ್-ಇ-ಎಂ-ಎಲ್ ಅನ್ನುವ ತುಂಡಿದೆ. ಶೇಂಗಾದ ಹತ್ತಿರದ ನೆಂಟನ ಹಾಗೆ ಕಾಣುತ್ತದೆ ಅಲ್ವಾ? ಅದಕ್ಕೇ ಅದು ಅಲ್ಲಿ ಚೆನ್ನಾಗಿ ಹೊಂದುತ್ತದೆ.

ಹಾರ್ಮೋನಿನ ಜಾಗದಲ್ಲಿ ಕೂತರೂ ಗುಳಿಗೆ ಹಾರ್ಮೋನಿನ ಕೆಲಸ ಯಾಕೆ ಮಾಡುವುದಿಲ್ಲ ಅಂದರೆ, ಕೆಲಸ ಇದ್ದದ್ದು ಆ ಜಾಗದಲ್ಲಿ ಅಲ್ಲ. ಹೊರಗಿನ ಸಂದಿನಲ್ಲಿ. ಟ್ಯಾಮಾಕ್ಸಿಫೆನ್ ಹಿಡಿದ ರಿಸೆಪ್ಟರ್ ಡಿಎನ್ಎ ಮೇಲೆ ಹೋಗಿ ಕೂಡುತ್ತದೆ ಕೂಡ. ಆದರೆ ಕೋಆಕ್ಟಿವೇಟರನ್ನು ಕರೆಯಲಾರದು. ಬದಲಿಗೆ ಎನ್‌ಕಾರ್, ಸ್ಮರ್ಟ್ ಅನ್ನುವ, ಜೀನನ್ನು ತಡೆಯುವ ಕೋರೆಪ್ರೆಸರ್‌ಗಳು ಬಂದು, ಟಿಕಳಿ ಕಿತ್ತುಹಾಕುವ ಕಿಣ್ವಗಳನ್ನು ಜೊತೆಗೆ ತರುತ್ತವೆ. ಕ್ಲಿಪ್ಪು ಹಾಗೇ ಇರಲಿ, ಟಿಕಳಿಗಳನ್ನು ಒಂದೊಂದಾಗಿ ಕಿತ್ತು ನೋಡಿ.

ಓದುವವರಿಗೆ ಇನ್ನೊಂದು. ಹೆಬ್ಬೆರಳನ್ನು ಮುಚ್ಚಿದ ಜಾಗದಲ್ಲೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಉಂಡೆ ಇಲ್ಲದೆಯೇ. ಶೇಂಗಾ ಕೂಡುತ್ತದೆ. ಕೆಲವರ ಕ್ಯಾನ್ಸರ್ ಹರಡಿದ ಮೇಲೆ ರಿಸೆಪ್ಟರ್‌ನ 537 ಅಥವಾ 538ನೇ ಅಮೈನೋ ಆಮ್ಲ ಬದಲಾಗಿರುತ್ತದೆ. ಆಗ ಹಾರ್ಮೋನು ಇಲ್ಲದೆಯೂ ಮುಚ್ಚಳ ಬೀಳುತ್ತದೆ. ಚಿಕಿತ್ಸೆ ಕೆಲಸ ಮಾಡದೆ ಹೋಗುವುದಕ್ಕೆ ಇರುವ ಕಾರಣಗಳಲ್ಲಿ ಇದು ಒಂದು.

ಹಂತ 8: ಸ್ಪಂಜು ಒಂದೇ ಯಾಕೆ

ದಾರದ ಇನ್ನೊಂದು ತುದಿಯಲ್ಲಿ ಉಳಿದ ಎರಡು ಕ್ಲಿಪ್ಪು ಕಚ್ಚಿಸಿ. ಅದು ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನಿನ ರಿಸೆಪ್ಟರ್ ಅಂದುಕೊಳ್ಳಿ. ಅದಕ್ಕೂ ಸ್ಪಂಜು ಬೇಕು. ಇರುವುದು ಒಂದೇ. ಅಲ್ಲಿಗೆ ಕೊಟ್ಟರೆ ಇಲ್ಲಿ ಇಲ್ಲ. 1989ರಲ್ಲಿ ಶಾಂಬೋನ್ ತಂಡ ಜೀವಕೋಶಗಳಲ್ಲಿ ಇದನ್ನೇ ಕಂಡಿತು. ಒಂದು ರಿಸೆಪ್ಟರ್ ಜಾಸ್ತಿ ಮಾಡಿದರೆ ಇನ್ನೊಂದರ ಜೀನು ಕುಗ್ಗುತ್ತದೆ, ಎರಡೂ ಕೂಡುವ ಗುರುತು ಬೇರೆ ಬೇರೆ ಆಗಿದ್ದರೂ. ಇಬ್ಬರೂ ಕರೆಯುವ ಆಳು ಒಬ್ಬನೇ ಇರಬೇಕು, ಅವನು ಎಲ್ಲರಿಗೂ ಸಾಲುತ್ತಿಲ್ಲ ಅನ್ನುವ ಊಹೆ ಅಲ್ಲಿಂದ ಗಟ್ಟಿಯಾಯಿತು. ಎಸ್‌ಆರ್‌ಸಿ-1 ಕೈಗೆ ಸಿಗುವ ಆರು ವರ್ಷ ಮೊದಲಿನ ಮಾತು ಇದು.

ಯಾವ ಅಂಗದಲ್ಲಿ ಯಾವ ಕೋಆಕ್ಟಿವೇಟರ್ ಎಷ್ಟಿದೆ ಅನ್ನುವುದು ಹೀಗೆ ದೊಡ್ಡ ಮಾತಾಗುತ್ತದೆ. ಟ್ಯಾಮಾಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜನ್‌ಗೆ ಎದುರಾಳಿ. ಗರ್ಭಕೋಶದ ಒಳಪದರದಲ್ಲಿ ಮಾತ್ರ ಸ್ವಲ್ಪ ಈಸ್ಟ್ರೋಜನ್‌ನ ಹಾಗೆಯೇ ನಡೆದುಕೊಳ್ಳುತ್ತದೆ. ರಿಸೆಪ್ಟರ್‌ಗೆ ಸಂದು ಬಿಟ್ಟು ಇನ್ನೊಂದು ತುದಿಯಲ್ಲೂ ಕರೆಯುವ ಭಾಗ ಇದೆ. 2002ರಲ್ಲಿ ಗರ್ಭಕೋಶದ ಕ್ಯಾನ್ಸರ್ ಕೋಶಗಳಲ್ಲಿ ನೋಡಿದಾಗ ಅಲ್ಲಿ ಎಸ್‌ಆರ್‌ಸಿ-1 ಜಾಸ್ತಿ ಇತ್ತು, ಮತ್ತು ಟ್ಯಾಮಾಕ್ಸಿಫೆನ್‌ನ ಆ ಪರಿಣಾಮಕ್ಕೆ ಎಸ್‌ಆರ್‌ಸಿ-1 ಬೇಕಾಗಿತ್ತು. ಆದ್ದರಿಂದ ಈ ಗುಳಿಗೆ ನುಂಗುವವರಿಗೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು. ತಾವಾಗಿಯೇ ಗುಳಿಗೆ ನಿಲ್ಲಿಸಬಾರದು. ದೊಡ್ಡವ್ವನಿಗೂ ಇದನ್ನು ಎರಡೆರಡು ಸಲ ಹೇಳಿದೆ.

ಹಂತ 9: ಕಿತ್ತು ಮತ್ತೆ ಹಾಕಿ

ಮಾದರಿಯ ಒಂದು ಕೊರತೆ ಇಲ್ಲಿ ಸರಿ ಮಾಡಬೇಕು. ಕ್ಲಿಪ್ಪು ಕಚ್ಚಿದರೆ ಕಚ್ಚಿಯೇ ಇರುತ್ತದೆ. ಜೀವಕೋಶದಲ್ಲಿ ಹಾಗಿಲ್ಲ. 2000ರಲ್ಲಿ ಗಾರ್ಡನ್ ಹೇಗರ್ ಅವರ ಲ್ಯಾಬಿನಲ್ಲಿ ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್‌ಗೆ ಹೊಳೆಯುವ ಪ್ರೋಟೀನು ಜೋಡಿಸಿ ಜೀವಂತ ಕೋಶದಲ್ಲಿ ನೋಡಿದರು. ರಿಸೆಪ್ಟರ್ ಗುರುತಿನ ಮೇಲೆ ಕೆಲವೇ ಸೆಕೆಂಡು ಕೂತು ಎದ್ದು ಹೋಗುತ್ತಿತ್ತು, ಮತ್ತೊಂದು ಬರುತ್ತಿತ್ತು. ಹಾಗಾಗಿ ಒಬ್ಬರು ಕ್ಲಿಪ್ಪು ತೆಗೆದು ಹಾಕುತ್ತಾ ಇರಿ, ಇನ್ನೊಬ್ಬರು ಟಿಕಳಿ ಹಚ್ಚಲಿ. ಕ್ಲಿಪ್ಪು ಹೋದರೂ ಟಿಕಳಿ ಸ್ವಲ್ಪ ಹೊತ್ತು ಉಳಿಯುತ್ತದೆ. ಮುಂದೆ ಬಂದವರಿಗೆ ಕೆಲಸ ಹಗುರ.

ಇಷ್ಟು ಮಾಡಿದ ಮೇಲೆ ಇದೇ ಸಾಮಾನಿನಲ್ಲಿ ಬೇರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಮಾಡಿ ನೋಡಿ. ಮೊದಲಿಗೆ ಕ್ರೆಬ್ ತೆಗೆದುಕೊಳ್ಳಿ. ನೆನಪು ಉಳಿಯುವುದರಲ್ಲೂ, ಉಪವಾಸ ಇದ್ದಾಗ ಲಿವರ್ ಸಕ್ಕರೆ ತಯಾರಿಸುವುದರಲ್ಲೂ ಇದರ ಪಾಲಿದೆ. ಇದಕ್ಕೆ ಹಾರ್ಮೋನಿನ ಉಂಡೆ ಬೇಡ, ಹೆಬ್ಬೆರಳೂ ಬೇಡ. 133ನೇ ಸೆರಿನ್ ಮೇಲೆ ಒಂದು ಫಾಸ್ಫೇಟ್ ಬಿದ್ದರೆ ಸಾಕು. ಕ್ಲಿಪ್ಪಿನ ಮೇಲೆ ಬೇರೆ ಬಣ್ಣದ ಒಂದು ಟಿಕಳಿ ಹಚ್ಚಿ. ಆ ಟಿಕಳಿ ಇದ್ದಾಗ ಸಿಬಿಪಿ ಬಂದು ಹಿಡಿಯುತ್ತದೆ. ಇದು 1993ರಲ್ಲಿ ತಿಳಿದದ್ದು. ಸಿಬಿಪಿ ಅಂದರೆ ಪಿ300ರ ಒಡಹುಟ್ಟು, ಅದೇ ಕಣಕದ ದೊಡ್ಡ ಉಂಡೆ. ಸಿಬಿಪಿ ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಒಂದು ಕೆಟ್ಟರೂ ಮಗು ರೂಬಿನ್‌ಸ್ಟೈನ್-ಟೇಬಿ ಸಿಂಡ್ರೋಮಿನಲ್ಲಿ ಹುಟ್ಟುತ್ತದೆ. ಅಗಲವಾದ ಹೆಬ್ಬೆರಳು, ನಿಧಾನವಾದ ಕಲಿಕೆ. ಅರ್ಧ ಸಿಬಿಪಿ ಸಾಲುವುದಿಲ್ಲ ಅನ್ನುವುದು ಹಂತ 8ರಲ್ಲಿ ಒಂದೇ ಸ್ಪಂಜು ಹಂಚಿದವರಿಗೆ ಕೂಡಲೇ ಅರ್ಥವಾಗುತ್ತದೆ.

ಮೊಮ್ಮಗಳು ಕ್ರೆಬ್ ಮಾದರಿಯನ್ನು ಅವತ್ತು ಸಂಜೆ ಒಬ್ಬಳೇ ಮಾಡಿದಳು. ನೋಟ್ಸಿನ ಆ ಒಂದು ಸಾಲಿನ ಕೆಳಗೆ ಎರಡು ಪುಟ ಬರೆದಳು. ಕರೆಂಟ್ ಬರುವ ಹೊತ್ತಿಗೆ ದೊಡ್ಡವ್ವ ಉಳಿದ ಶೇಂಗಾ ಹುರಿಯಲು ಇಟ್ಟಿದ್ದರು, ಮೂರು ಬೀಜದ ಒಂದು ಕಾಯಿ ಮಾತ್ರ ಗುಳಿಗೆ ಡಬ್ಬಿಯ ಪಕ್ಕ ಎತ್ತಿಟ್ಟು.